ಎಣಿಕೆ ಇನ್ನೂ ಮುಗಿದಿಲ್ಲ

ಮತ ಎಣಿಕೆಯ ಸಂಜೆ ಎರಡೂ ಪಕ್ಷಗಳು ಸೋಲಲಿ ಎಂದು ಬೇಡಿಕೊಳ್ಳುತ್ತ ಕೂತಿದ್ದವನು ಇಡೀ ಊರಿಗೆ ಹಗ್ಗದಣ್ಣ ಒಬ್ಬನೇ.

ಜೈಲಿನಲ್ಲಿ ಗಲ್ಲಿಗೇರಿಸುವ ಹುದ್ದೆ ಅವನದು. ಹುದ್ದೆ ಮಾತ್ರ, ಆ ಕೆಲಸ ಒಮ್ಮೆಯೂ ಬಂದಿರಲಿಲ್ಲ. ಬಂದ ಸರ್ಕಾರಗಳೆಲ್ಲ ಇವತ್ತು ನಾಳೆ ಎಂದು ಸಾಗಹಾಕಿ ಕೈತೊಳೆದುಕೊಂಡಿದ್ದವು. ತಿಂಗಳಿಗೊಮ್ಮೆ ಲಿವರಿಗೆ ಎಣ್ಣೆ ಬಿಟ್ಟು, ಮರಳಿನ ಚೀಲವೊಂದನ್ನು ನೇಣಿಗೆ ಹಾಕಿ, ಕಾಲಡಿಯ ಹಲಗೆ ಸರಿಯಾಗಿ ಬೀಳುತ್ತದೆಯೇ ನೋಡಿ, ಎಲ್ಲ ಸರಿಯಿದೆ ಎಂದು ಸಾಹೇಬರಿಗೆ ಹೇಳಿಬಿಟ್ಟರೆ ಮುಗಿಯಿತು. ಮಿಕ್ಕ ದಿನ ಜೈಲಿನ ಬೀಗಗಳ ರಿಪೇರಿ. ಇಷ್ಟು ಸುಖದ ನೌಕರಿ ಯಾವ ರಾಜನಿಗೂ ಸಿಕ್ಕಿರಲಾರದು.

ಅದಕ್ಕೆ ಕಲ್ಲು ಹಾಕಿದ್ದು ಈ ಚುನಾವಣೆ. ಗೆದ್ದರೆ ಶಿಕ್ಷೆಯಾದವರನ್ನೆಲ್ಲ ತಡಮಾಡದೆ ಗಲ್ಲಿಗೇರಿಸುತ್ತೇವೆ ಎಂದಿತು ಏಣಿ ಪಕ್ಷ. ಮರಣದಂಡನೆಯನ್ನೇ ತೆಗೆದುಹಾಕುತ್ತೇವೆ ಎಂದಿತು ಕೊಡೆ ಪಕ್ಷ. ಕೊಡೆ ಬಂದರೆ ನೌಕರಿ ಹೋಯಿತು. ಏಣಿ ಬಂದರೆ ದರ್ಜಿ ಹೋದ. ಯಾವುದಕ್ಕೆ ಮುದ್ರೆ ಒತ್ತುವುದೆಂದು ತಿಳಿಯದೆ ಹಗ್ಗದಣ್ಣ ಎರಡಕ್ಕೂ ಒತ್ತಿ ಬಂದಿದ್ದ.

ದರ್ಜಿ ಎಂದರೆ ಗಲ್ಲುಕೋಣೆಯಲ್ಲಿದ್ದ ಒಬ್ಬನೇ ಕೈದಿ. ಕೊಲೆ ಮಾಡಿದ್ದು ನಿಜ. ಅವನೇ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಆದರೆ ಹಗ್ಗದಣ್ಣನ ಪ್ಯಾಂಟುಗಳ ಸೊಂಟ ಸಡಿಲಿಸಿಕೊಟ್ಟವನೂ ಅವನೇ, ಬಿದ್ದು ಬಿದ್ದು ಬಾಯಿಬಿಟ್ಟ ಮರಳಿನ ಚೀಲಕ್ಕೆ ಹೊಲಿಗೆ ಹಾಕಿಕೊಡುತ್ತಿದ್ದವನೂ ಅವನೇ. "ನನ್ನ ಪಾಲಿಂದೂ ಇದೇ ಸತ್ತಿದೆಯಲ್ಲಣ್ಣ, ಅವ್ರು ಲೆಕ್ಕಕ್ಕೆ ತಗೊಳ್ಳಲ್ವಾ?" ಎಂದು ನಗುತ್ತಿದ್ದ. ಅಂಥವನ ಕೊರಳಿಗೆ ಹಗ್ಗ ಹಾಕುವುದನ್ನು ನೆನೆಸಿಕೊಂಡರೆ ಹಗ್ಗದಣ್ಣನಿಗೆ ಅನ್ನ ಸೇರುತ್ತಿರಲಿಲ್ಲ.

ಫಲಿತಾಂಶ ನೋಡಲು ಹೆಂಡತಿಯ ತಮ್ಮ ಬಂದು ಕೂತಿದ್ದ. ಯಂತ್ರಗಳ ಬಿಡಿಭಾಗದ ಅಂಗಡಿಯವನು, ಬಡಾಯಿಯಲ್ಲಿ ಮಾತ್ರ ಸಗಟು ವ್ಯಾಪಾರಿ. ಟಿವಿಯಲ್ಲಿ ಎಣಿಕೆಯ ನಡುನಡುವೆ ಮರಣದಂಡನೆ ಬೇಕೇ ಬೇಡವೇ ಎಂದು ನಾಲ್ಕು ಜನ ಕಿತ್ತಾಡುತ್ತಿದ್ದರು. ಇವನು ಐದನೆಯವನಾಗಿ ಸೋಫಾದಿಂದಲೇ ಸೇರಿಕೊಂಡಿದ್ದ.

"ಒಬ್ಬನ್ನೂ ಬಿಡಬಾರದು ಭಾವ! ನಾನಾಗಿದ್ರೆ ಒಂದು ಕೈಲಿ ಟೀ ಹಿಡ್ಕೊಂಡು ಇನ್ನೊಂದು ಕೈಲಿ ಲಿವರ್ ಎಳೀತಿದ್ದೆ."

"ನೀನಾ?" ಎಂದಳು ಅಕ್ಕ. "ಹಲ್ಲಿ ಬಿದ್ರೆ ಮಂಚ ಹತ್ತೋನು!"

"ಅದು ಬೇರೆ ಅಕ್ಕ. ಇದು ನ್ಯಾಯ."

ಹಗ್ಗದಣ್ಣ ತನ್ನಲ್ಲಿದ್ದ ಒಂದೇ ಒಂದು ವಾದ ಮಂಡಿಸಿದ. "ಅವನು ಪ್ಯಾಂಟು ಬಹಳ ಚೆನ್ನಾಗಿ ಹೊಲೀತಾನೆ ಕಣಯ್ಯ."

"ಅದಕ್ಕೂ ಇದಕ್ಕೂ ಏನು ಸಂಬಂಧ ಭಾವ?"

ಸಂಬಂಧ ಇತ್ತು. ಹಗ್ಗದಣ್ಣ ತನ್ನ ಪ್ಯಾಂಟಿನ ಸೊಂಟವನ್ನೊಮ್ಮೆ ಮುಟ್ಟಿ ನೋಡಿಕೊಂಡ.

ಊಟದ ಹೊತ್ತಿಗೆ ಏಣಿ ಗೆದ್ದಿತು. ಭಾವಮೈದುನ ಕಿಟಕಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಕೂಗಿ ಬಂದ. ಅಷ್ಟರಲ್ಲಿ ಸಾಹೇಬರ ಫೋನು. "ಏಣಿ ನಾಯಕರು ಬೆಳಗ್ಗೆನೇ ಯಂತ್ರ ನೋಡೋಕೆ ಬರ್ತಾರಂತೆ. ಈಗಲೇ ಒಂದ್ಸಲ ಎಳೆದು ನೋಡಿಬಿಡಯ್ಯ."

ಹಗ್ಗದಣ್ಣ ಫೋನು ಕೆಳಗಿಟ್ಟು ಮತ್ತೆ ತಟ್ಟೆಯ ಮುಂದೆ ಕೂತ. ಭಾವಮೈದುನ ಮಾತ್ರ ಚಪ್ಪಲಿ ಮೆಟ್ಟಿ ತಯಾರಾದ. "ನಡೀರಿ ಭಾವ, ನಾನೇ ಎಳೀತೀನಿ!"

ಮನೆ ಇದ್ದದ್ದು ಜೈಲಿನ ಗೋಡೆಗೇ ಅಂಟಿಕೊಂಡು. ಕಾವಲಿನವನು ಟಿವಿಯಿಂದ ಕಣ್ಣು ಕೀಳದೆ ಇಬ್ಬರನ್ನೂ ಒಳಗೆ ಬಿಟ್ಟ. ಹಗ್ಗದಣ್ಣ ದೀಪ ಹಾಕಿದ. ನೇಣಿನ ಹಗ್ಗದ ಕೆಳಗೆ, ಹಲಗೆಯ ಮೇಲೆ, ಮರಳಿನ ಚೀಲ ನೀಲಿ ಚೌಕಳಿಯ ಶರ್ಟು ತೊಟ್ಟು ನಿಂತಿತ್ತು.

"ಭಾವ... ಅದು ನನ್ನ ಶರ್ಟು."

"ಒರೆಸೋ ಬಟ್ಟೆಗೆ ಅಂತ ನಿಮ್ಮಕ್ಕ ಕೊಟ್ಟಳು. ಬರೀ ಚೀಲ ನೋಡೋಕೆ ಬೇಜಾರಾಗ್ತಿತ್ತು. ಅಳತೆ ಸರಿಹೋಯ್ತು."

"ಇದಕ್ಕೆ ಹೆಸರು ಗಿಸರು ಏನಾದ್ರೂ ಇಟ್ಟಿದ್ದೀರಾ?"

"ಅದೆಲ್ಲ ಈಗ್ಯಾಕೆ? ಎಳಿ."

ಭಾವಮೈದುನ ಲಿವರಿನ ಮೇಲೆ ಕೈಯಿಟ್ಟ. ಆಗ ಪಕ್ಕದ ಕೋಣೆಯ ಕಿಂಡಿಯಿಂದ ದನಿ ಬಂತು. "ಹಗ್ಗದಣ್ಣ, ನೀವೇನಾ? ಯಾರು ಗೆದ್ರು?"

ಹಗ್ಗದಣ್ಣ ಭಾವಮೈದುನನ ಮುಖ ನೋಡಿದ. ಬೀದಿಗೆಲ್ಲ ಸಾರಿ ಬಂದ ಭಾವಮೈದುನ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ಇನ್ನೂ... ಇನ್ನೂ ಎಣಿಸ್ತಿದ್ದಾರಪ್ಪ. ಈ ಸಲ ನಿಧಾನವಂತೆ. ನೀನು ಮಲ್ಕೋ."

"ತಾವು ಯಾರು ಸಾರ್?"

"ನಾನು... ರಿಪೇರಿಯೋನು."

"ಹಾಗಾದ್ರೆ ಆ ಹಲಗೆ ಸ್ವಲ್ಪ ನೋಡಿ ಸಾರ್. ಗಾಳಿ ಬಂದಾಗೆಲ್ಲ ಕಿರ್ ಅನ್ನುತ್ತೆ, ನಿದ್ದೇನೇ ಬರಲ್ಲ."

ಭಾವಮೈದುನ ಲಿವರಿನಿಂದ ಕೈ ತೆಗೆದ. ಚೀಲ ತೊಟ್ಟಿದ್ದ ತನ್ನದೇ ಹಳೆ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಮಂಡಿಯೂರಿ ಲಿವರಿನ ಬುಡಕ್ಕೆ ಕಣ್ಣುಹಾಯಿಸಿ, ಅಂಗಡಿಯವರು ಗಿರಾಕಿಯ ಯಂತ್ರ ನೋಡುವ ಹಾಗೆ ಒಂದು ಸುತ್ತು ನೋಡಿದ.

"ಭಾವ," ಎಂದ ಮೆಲ್ಲಗೆ, "ಸ್ಪ್ಯಾನರ್ ಇದೆಯಾ?"

ಬೀಗ ರಿಪೇರಿಯವನ ಜೇಬಿನಲ್ಲಿ ಅದು ಇಲ್ಲದೇ ಇರುತ್ತದೆಯೇ? ತೆಗೆದುಕೊಟ್ಟ. ಮದುವೆಯಾದಾಗಿನಿಂದ ಈ ಭಾವಮೈದುನನ ಮೇಲೆ ಅಷ್ಟು ಪ್ರೀತಿ ಅವನಿಗೆ ಯಾವತ್ತೂ ಬಂದಿರಲಿಲ್ಲ.

ಬೆಳಗ್ಗೆ ಕ್ಯಾಮೆರಾಗಳೆಲ್ಲ ಸಾಲಾಗಿ ನಿಂತ ಮೇಲೆ ನಾಯಕರು ಖುದ್ದು ಲಿವರ್ ಎಳೆದರು. ಹಲಗೆ ಮಿಸುಕಲಿಲ್ಲ. ಎರಡು ಕೈಯಲ್ಲಿ ಎಳೆದರು. ಸಾಹೇಬರೂ ಕೈಜೋಡಿಸಿದರು.

"ಹೋದ ತಿಂಗಳು ಸರಿಯಿದೆ ಅಂದಿದ್ದೆಯಲ್ಲಯ್ಯ!"

"ಹೋದ ತಿಂಗಳು ಸರಿಯಿತ್ತು ಸಾರ್," ಎಂದ ಹಗ್ಗದಣ್ಣ.

ಬಿಡಿಭಾಗ ಬಲ್ಲವರನ್ನು ಕರೆಸಿ ಎಂದಾಯಿತು. ಬಂದವನು ಟಾರ್ಚು ಬಿಟ್ಟು ನೋಡಿ ಲೊಚಗುಟ್ಟಿದ. "ಬೋಲ್ಟ್ ಇಲ್ಲ ಸಾರ್. ಸವೆದು ಬಿದ್ದುಹೋಗಿದೆ. ಈ ಅಳತೇದು ಈಗ ಯಾರೂ ಮಾಡಲ್ಲ. ಆರ್ಡರ್ ಕೊಟ್ಟು ತರಿಸ್ಬೇಕು."

"ಯಾವಾಗ ಬರುತ್ತೆ?" ನಾಯಕರು ಗುಡುಗಿದರು.

ಭಾವಮೈದುನ ಪ್ಯಾಂಟಿನ ಜೇಬಿಗೆ ಕೈಹಾಕಿ ಬಹಳ ಹೊತ್ತು ಯೋಚಿಸಿದ. "ಬೇಗ ಅಂದ್ರೂ ಮುಂದಿನ ಚುನಾವಣೆ ಹೊತ್ತಿಗೆ. ಅಲ್ಲೀವರೆಗೂ ತುಕ್ಕು ಹಿಡೀದಂಗೆ ನೋಡ್ಕೊಳ್ಳೋಕೆ ಒಬ್ಬ ಮನುಷ್ಯ ಬೇಕೇ ಬೇಕು ಸಾರ್."

ಅವನ ಜೇಬು ಬೋಲ್ಟಿನ ಭಾರಕ್ಕೆ ಅಂದೇ ಹರಿಯಿತು. ಸಂಜೆ ಹಗ್ಗದಣ್ಣ ಪ್ಯಾಂಟನ್ನು ದರ್ಜಿಗೆ ಕೊಟ್ಟ. ದರ್ಜಿ ಎರಡೆಳೆ ದಾರದಲ್ಲಿ ಗಟ್ಟಿಯಾಗಿ ಹೊಲಿದು, ಹಲ್ಲಿನಿಂದ ದಾರ ಕಚ್ಚಿ ಕಡಿದು ಕೇಳಿದ. "ಎಣಿಕೆ ಮುಗೀತಾ ಅಣ್ಣ?"

"ಇನ್ನೂ ಇಲ್ಲ ಕಣೋ," ಎಂದ ಹಗ್ಗದಣ್ಣ.