ಹಠಮಾರಿ ಚಾರ್ಜರ್

ವೈರಿಂಗ್ ವಿಷಯದಲ್ಲಿ ಅಂಜಿನಯ್ಯನಿಗೆ ಬುದ್ಧಿ ಹೇಳುವಂಥವನು ಮೂಡಲಪಾಳ್ಯದಿಂದ ನಾಯಂಡಹಳ್ಳಿವರೆಗೆ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಹೇಳುತ್ತಿದ್ದವನು ಅಂಜಿನಯ್ಯನೇ. ಮೂವತ್ತೈದು ವರ್ಷ ಮನೆಮನೆಗೆ ವೈರ್ ಎಳೆದು, ಈಗ ಮಂಡಿನೋವಿಗೆ ಹೆದರಿ ಏಣಿ ಹತ್ತುವುದನ್ನು ಬಿಟ್ಟಿದ್ದ. ಮಾತು ಬಿಟ್ಟಿರಲಿಲ್ಲ. ಹಾಗಾಗಿ ಮಗಳು ಸಂಘಮಿತ್ರಾ ಎಲೆಕ್ಟ್ರಿಕ್ ಕಾರಿಗೆ ಒಂದು ಪೋರ್ಟಬಲ್ ಚಾರ್ಜರ್ ತರುತ್ತೇನೆ ಎಂದಾಗ, ಅವಳು ಕರೆಯುವ ಮೊದಲೇ ಕನ್ನಡಕ ಜೇಬಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

ಆ ಭಾನುವಾರ ಮಿತ್ರಾ ತನ್ನ ಸೋದರತ್ತೆ ರಾಮಮ್ಮನನ್ನು ಹೊರನಾಡಿಗೆ ಕರೆದುಕೊಂಡು ಹೋಗುವುದಿತ್ತು. ರಾಮಮ್ಮ ಅಂಜಿನಯ್ಯನ ತಂಗಿ. ಮಿತ್ರಾಳ ತಾಯಿ ತೀರಿಕೊಂಡಾಗ ಮಗುವಿಗೆ ಮೂರು ವರ್ಷ. ಅಂದಿನಿಂದ ಕೆಲಸಕ್ಕೆ ಸೇರುವ ತನಕ ಅವಳನ್ನು ಬೆಳೆಸಿದ್ದು ಈ ಅತ್ತೆಯೇ. ಹುಡುಗಿಗೆ ಕೆಲಸ ಸಿಕ್ಕರೆ ಹೊರನಾಡಿಗೆ ಬರುತ್ತೇನೆ ಎಂದು ಹರಕೆ ಹೊತ್ತವಳೂ ಅವಳೇ. ಘಟ್ಟದ ಮೇಲಿನ ಲಾಡ್ಜಿನವನು ಫೋನಿನಲ್ಲಿ, ಪಾರ್ಕಿಂಗ್ ಪಕ್ಕ ಒಂದು ಪವರ್ ಪ್ಲಗ್ ಇದೆ, ಚಾರ್ಜರ್ ನೀವೇ ತನ್ನಿ ಎಂದಿದ್ದ.

ವಿಜಯನಗರದ ಅಂಗಡಿಯಲ್ಲಿ ಸೇತುರಾಮ ಎರಡು ಡಬ್ಬ ತೆಗೆದಿಟ್ಟ.

"ಇದು ತಗೊಳ್ಳಿ ಮೇಡಂ. ಎಲ್ಲಿ ಚುಚ್ಚಿದ್ರೂ ಚಾರ್ಜ್ ಆಗತ್ತೆ, ತಕರಾರೇ ಇಲ್ಲ. ಇನ್ನೊಂದು ಸ್ವಲ್ಪ ಕಿರಿಕ್. ಅರ್ತಿಂಗ್ ಇಲ್ಲ ಅಂದ್ರೆ ಕೆಂಪು ಲೈಟ್ ಹಾಕ್ಕೊಂಡು ಕೂತ್ಬಿಡತ್ತೆ. ಎಷ್ಟೋ ಜನ ವಾಪಸ್ ತಂದ್ ಕೊಟ್ಟಿದಾರೆ."

"ಅಪ್ಪ, ಮೊದಲನೇದೇ ಸಾಕಲ್ವಾ?"

ಅಂಜಿನಯ್ಯ ಎರಡನ್ನೂ ಬಿಚ್ಚಿಸಿದ. ಕೇಬಲ್ಲನ್ನು ಬೆರಳಲ್ಲಿ ಹಿಸುಕಿ ದಪ್ಪ ನೋಡಿದ, ಪ್ಲಗ್ಗಿನ ಪಿನ್ನುಗಳನ್ನು ಅಲ್ಲಾಡಿಸಿದ, ಪೆಟ್ಟಿಗೆಯ ಅಂಚಿಗೆ ಉಗುರು ಹಾಕಿ ನೀರು ಹೋಗುವ ಸಂದಿ ಇದೆಯೇ ಎಂದು ಹುಡುಕಿದ. ಹೆಣ್ಣು ನೋಡಲು ಬಂದವರೂ ಇಷ್ಟು ತಪಾಸಣೆ ಮಾಡುವುದಿಲ್ಲ. ಕೊನೆಗೆ ಎರಡನೆಯದನ್ನು ಮಗಳ ಕೈಗೆ ಕೊಟ್ಟ.

"ಇದೇ ಇರ್ಲಿ. ಪ್ಲಗ್ ಬಿಸಿಯಾದ್ರೆ ತಾನೇ ನಿಲ್ಲತ್ತೆ, ಕರೆಂಟ್ ಸೋರಿದ್ರೆ ತಾನೇ ನಿಲ್ಲತ್ತೆ. ಮಳೇಲಿ ನೆಂದ್ಕೊಂಡು ಕಾರ್ ಮುಟ್ಟೋರು ನೀವು. ಅರ್ತ್ ಇದ್ರೆ ಸೋರಿದ ಕರೆಂಟು ನೆಲಕ್ಕೆ ಹೋಗತ್ತೆ, ಇಲ್ಲ ಅಂದ್ರೆ ನಿನ್ ಮೈಮೇಲೆ ಹಾದು ಹೋಗತ್ತೆ. ಆಗಲ್ಲ ಅಂತ ಹೇಳೋ ಚಾರ್ಜರ್ರೇ ಒಳ್ಳೇದು ಕಣೇ. ಎಲ್ಲಾದಕ್ಕೂ ತಲೆ ಆಡಿಸೋದನ್ನ ನಂಬಬಾರ್ದು."

ಸೇತುರಾಮ ಮುಖ ಸಣ್ಣ ಮಾಡಿಕೊಂಡು ಬಿಲ್ ಬರೆದ. ಅಂಜಿನಯ್ಯ ಬೀಗುತ್ತಾ ಕಾರು ಹತ್ತಿದ.

ಹೊರಡುವ ಮೊದಲು ಒಮ್ಮೆ ಹಾಕಿ ನೋಡೋಣ ಎಂದು ಇಬ್ಬರೂ ನೇರ ಮೂಡಲಪಾಳ್ಯಕ್ಕೆ, ರಾಮಮ್ಮನ ಮನೆಗೆ ಬಂದರು. ಮಾರೇನಹಳ್ಳಿಯ ಅಪ್ಪನ ಗಲ್ಲಿಗೆ ಕಾರು ನುಗ್ಗದ ಕಾರಣ ಅದು ನಿಲ್ಲುತ್ತಿದ್ದದ್ದು ಇಲ್ಲಿಯೇ. ಚಾರ್ಜ್ ಆಗುತ್ತಿದ್ದದ್ದು ಮಾತ್ರ ರಾಜಾಜಿನಗರದ ಮಿತ್ರಾಳ ಆಫೀಸಿನ ಬೇಸ್‌ಮೆಂಟಿನಲ್ಲಿ. ರಾಮಮ್ಮನ ಗಂಡ ಡ್ಯೂಟಿಗೆ ಹೋಗಿದ್ದ. ಅವಳು ಅಣ್ಣನ ದನಿ ಕೇಳಿ ಕಾಫಿಗೆ ನೀರಿಟ್ಟಳು.

ಮಿತ್ರಾ ವರಾಂಡದ ಪವರ್ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ ಸ್ವಿಚ್ ಹಾಕಿದಳು. ಕೆಂಪು ದೀಪ ಬಂತು. ತೆಗೆದು ಮತ್ತೆ ಹಾಕಿದಳು. ಮತ್ತೆ ಕೆಂಪು. ಅಡುಗೆಮನೆಯ ಪ್ಲಗ್ಗಿಗೆ ಒಯ್ದಳು, ಅಲ್ಲೂ ಅದೇ.

"ಅಂಗಡಿಯವ್ರು ಹೇಳ್ದಂಗೇ ಆಯ್ತಲ್ಲಪ್ಪ. ಪೀಸೇ ಸರಿ ಇಲ್ಲ."

"ಹೊಸ ಸಾಮಾನು ನೋಡು, ಅಷ್ಟೇ ಅದರ ಯೋಗ್ಯತೆ," ಎಂದಳು ರಾಮಮ್ಮ, ಲೋಟಗಳನ್ನು ತಂದಿಡುತ್ತಾ. "ನಮ್ಮನೇ ಕರೆಂಟಿಗೆ ಏನಾಗಿದೆ? ನಮ್ಮಣ್ಣ ಎಳೆದಿರೋ ವೈರು."

ಅಂಜಿನಯ್ಯ ಕಾಫಿ ಲೋಟ ಕೆಳಗಿಟ್ಟ. ಎದ್ದು ಕಾರಿನಲ್ಲಿದ್ದ ತನ್ನ ಚೀಲದಿಂದ ಟೆಸ್ಟ್ ಲ್ಯಾಂಪ್ ತಂದ. ಒಂದು ಹೋಲ್ಡರಿಗೆ ಬಲ್ಬು ಹಾಕಿ ಎರಡು ವೈರು ಇಳಿಬಿಟ್ಟ ಹಳೆಯ ಸಾಧನ ಅದು. ಫೇಸಿಗೂ ನ್ಯೂಟ್ರಲ್ಲಿಗೂ ಮುಟ್ಟಿಸಿದಾಗ ಬಲ್ಬು ಉರಿಯಿತು. ಫೇಸಿಗೂ ಮೇಲಿನ ದೊಡ್ಡ ತೂತಿಗೂ, ಅಂದರೆ ಅರ್ತಿಗೆ, ಮುಟ್ಟಿಸಿದ. ಬಲ್ಬು ಮಿಣುಕಲೂ ಇಲ್ಲ.

ಅವನಿಗೆ ಎಲ್ಲ ನೆನಪಾಯಿತು. ನೆನಪಾಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಮರೆತಿದ್ದರೆ ತಾನೇ ನೆನಪಾಗುವುದು.

ಇಪ್ಪತ್ತೆರಡು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶ. ತಂಗಿಯ ಮನೆಯೆಂದು ಹಗಲೂ ಇರುಳೂ ನಿಂತು ವೈರಿಂಗ್ ಮಾಡಿದ್ದ. ಪ್ರತಿ ಪ್ಲಗ್ಗಿನಿಂದಲೂ ಹಸಿರು ವೈರನ್ನು ಮೀಟರ್ ಬೋರ್ಡಿನ ತನಕ ಎಳೆದು ತಂದಿದ್ದ. ಉಳಿದದ್ದು ಅಂಗಳದ ಈಶಾನ್ಯ ಮೂಲೆಯಲ್ಲಿ ಗುಂಡಿ ತೋಡಿ, ಪೈಪು ನೆಟ್ಟು, ಉಪ್ಪು ಇದ್ದಿಲು ತುಂಬಿ ಆ ವೈರನ್ನು ಭೂಮಿಗೆ ಸೇರಿಸುವ ಕೆಲಸ ಒಂದೇ. ಪೂಜೆಯ ದಿನ ಬೆಳಿಗ್ಗೆ ಹಾರೆ ಎತ್ತಿದವನನ್ನು ರಾಮಮ್ಮನ ಮಾವ ತಡೆದರು. ಹಾಲು ಉಕ್ಕಿಸಿದ ಮನೆಯ ಈಶಾನ್ಯಕ್ಕೆ ಒಂದು ಮಂಡಲ ಕಳೆಯುವ ತನಕ ಹಾರೆ ತಾಗಿಸಬಾರದು ಎಂದರು. ಹೆಣ್ಣು ಕೊಟ್ಟ ಕಡೆಯವನು ಬೀಗರ ಎದುರು ವಾದ ಮಾಡುವುದುಂಟೆ? ನಲವತ್ತೆಂಟು ದಿನ ತಾನೇ, ಆಮೇಲೆ ಬರುತ್ತೇನೆ ಎಂದು ಹಸಿರು ವೈರನ್ನು ಸುತ್ತಿ ಬೋರ್ಡಿನ ಹಿಂದೆ ಸಿಕ್ಕಿಸಿದ.

ಅಷ್ಟರಲ್ಲಿ ಹೆಂಡತಿ ಆಸ್ಪತ್ರೆ ಸೇರಿದಳು. ಮಂಡಲ ಕಳೆದದ್ದು ಅವನಿಗೆ ತಿಳಿಯಲೇ ಇಲ್ಲ. ಮೂರನೇ ತಿಂಗಳಲ್ಲಿ ಅವಳು ಹೋದಳು, ಮಗುವನ್ನು ಎತ್ತಿಕೊಂಡು ಇದೇ ಮನೆಗೆ ಬಂದ. ಆಮೇಲೆ ಬಂದಾಗಲೆಲ್ಲ ಬೋರ್ಡಿನ ಕಡೆ ಕಣ್ಣು ಹೋಗುತ್ತಿತ್ತು, ಮುಂದಿನ ವಾರ ಎಂದುಕೊಳ್ಳುತ್ತಿದ್ದ. ವರ್ಷ ಕಳೆದ ಮೇಲೆ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಊರಿಗೆಲ್ಲ ಅರ್ತಿಂಗ್ ಪಾಠ ಹೇಳುವವನು ಸ್ವಂತ ತಂಗಿಯ ಮನೆಗೆ ಕೊಟ್ಟಿಲ್ಲ ಎಂದರೆ ಯಾವ ಮುಖ ಇಟ್ಟುಕೊಂಡು ತಿರುಗುವುದು?

ಮಿತ್ರಾ ಚಾರ್ಜರನ್ನು ಡಬ್ಬಕ್ಕೆ ತುರುಕುತ್ತಿದ್ದಳು.

"ಈಗ್ಲೇ ಹೋಗಿ ಚೇಂಜ್ ಮಾಡ್ಸ್‌ಕೊಂಡ್ ಬರ್ತೀನಿ. ಆ ಇನ್ನೊಂದೇ ತರ್ತೀನಿ, ಎಲ್ಲಾ ಕಡೆ ನಡಿಯತ್ತಂತಲ್ಲ."

ಸುಮ್ಮನೆ ಹೂಂ ಎಂದಿದ್ದರೆ ಆಗಿಹೋಗುತ್ತಿತ್ತು. ತಪ್ಪು ಡಬ್ಬದ ಮೇಲೆ ಹೋಗುತ್ತಿತ್ತು, ಮಾನ ಉಳಿಯುತ್ತಿತ್ತು. ಆದರೆ ಮಗಳೂ ತಂಗಿಯೂ ಬರಿಗೈಯಲ್ಲಿ, ಒದ್ದೆ ಕಾಲಲ್ಲಿ, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಪ್ಲಗ್ಗಿನ ಮುಂದೆ ನಿಂತಿರುವುದು ಅಂಜಿನಯ್ಯನ ಕಣ್ಣಿಗೆ ಕಟ್ಟಿತು. ಅವನಿಗೆ ಇದ್ದದ್ದೇ ಆ ಎರಡು ಜೀವ.

"ಚಾರ್ಜರ್ ಸರಿಯಾಗಿದೆ ಮಗಾ," ಎಂದ. "ಮನೇನೇ ಸರಿ ಇಲ್ಲ. ಈ ಮನೆಗೆ ಅರ್ತ್ ಇಲ್ಲ. ನಾನು ಕೊಟ್ಟಿಲ್ಲ."

ಮಿತ್ರಾ ಅಪ್ಪನನ್ನೇ ನೋಡಿದಳು. ಅವನು ತಲೆ ತಗ್ಗಿಸಿಕೊಂಡು, ಈಶಾನ್ಯದ್ದು, ಮಂಡಲದ್ದು, ಬೋರ್ಡಿನ ಹಿಂದೆ ಸುತ್ತಿಟ್ಟ ವೈರಿನದ್ದು ಎಲ್ಲ ಹೇಳಿ ಮುಗಿಸಿದ. ತಂಗಿಯ ಮುಖ ನೋಡುವ ಧೈರ್ಯ ಬರಲಿಲ್ಲ.

"ಗೊತ್ತು ಬಿಡಣ್ಣ," ಎಂದಳು ರಾಮಮ್ಮ.

"ಏನ್ ಗೊತ್ತು?"

"ಮಿತ್ರಾ ಐದನೇ ಕ್ಲಾಸಲ್ಲಿದ್ದಾಗ ಮೀಟರ್ ಬದಲಾಯ್ಸೋಕೆ ಬಂದಿದ್ದೋನು ಹೇಳ್ದ. ಯಾವನಮ್ಮ ಇದನ್ನ ಮಾಡಿದ್ದು, ಅರ್ತೇ ಕೊಟ್ಟಿಲ್ವಲ್ಲ ಅಂದ. ನಮ್ಮಣ್ಣ ಬಂದು ಮಾಡ್ತಾನೆ, ನೀನು ನಿನ್ ಕೆಲ್ಸ ನೋಡ್ಕೊಂಡು ಹೋಗು ಅಂತ ಬೈದು ಕಳಿಸ್ದೆ."

ಅಂಜಿನಯ್ಯನಿಗೆ ಸಿಟ್ಟು ಬಂತು. ನಾಚಿಕೆ ಹೆಚ್ಚಾದಾಗ ಬರುವಂಥ ಸಿಟ್ಟು.

"ನಂಗೊಂದು ಮಾತು ಹೇಳೋಕಾಗ್ಲಿಲ್ವಾ? ಬೇರೆ ಯಾರನ್ನಾದ್ರೂ ಕರ್ದು ಮಾಡ್ಸೋಕಾಗ್ಲಿಲ್ವಾ?"

"ಅತ್ಗೆ ಹೋದ್ಮೇಲೆ ನೀನು ಎಷ್ಟು ಸಣ್ಣಗಾಗೋಗಿದ್ದೆ. ಕೆಲ್ಸ ಒಂದೇ ನಿಂಗೆ ಉಳಿದಿದ್ದು. ಅದ್ರಲ್ಲೂ ತಪ್ಪು ಹುಡುಕಿ ಹೇಳ್ಲಾ? ನೀನಾಗೇ ಮಾಡ್ತೀಯ ಅಂತ ಕಾದೆ. ಬೇರೆಯೋನು ಬಂದ್ರೆ ಬೋರ್ಡ್ ಬಿಚ್ಚಿ ನಿನ್ನ ಏನಾದ್ರೂ ಅಂತಾನೆ. ಅದನ್ನ ನಾನು ನಿಂತ್ಕೊಂಡು ಕೇಳ್ಬೇಕಾ?"

"ಅತ್ತೆ," ಎಂದಳು ಮಿತ್ರಾ ಮೆಲ್ಲಗೆ. "ಗೀಸರ್ ಆಫ್ ಮಾಡದೆ ಬಚ್ಚಲಿಗೆ ಬಿಡ್ತಾನೇ ಇರ್ಲಿಲ್ಲ ನೀನು. ನಾನು ಬಿಲ್ ಉಳಿಸೋಕೆ ಅಂದ್ಕೊಂಡು ಜಿಪುಣಿ ಅಂತ ಜಗಳ ಆಡ್ತಿದ್ದೆ."

"ಆಡ್ತಿದ್ದೆ, ಆಡ್ತಿದ್ದೆ. ದಿನಾ ಆಡ್ತಿದ್ದೆ."

"ಹುಚ್ಚಿ," ಎಂದ ಅಂಜಿನಯ್ಯ. "ಸ್ವಿಚ್ ಆರ್ಸಿದ್ರೆ ಆಗೋಯ್ತಾ? ಎಷ್ಟೋ ಸಲ ಬೇರೆ ಕಡೆ ಸೋರಿದ್ದು ಹಸಿರು ವೈರಲ್ಲಿ ಬಂದು ಆಮೇಲೂ ನಲ್ಲೀಲಿ ಕರೆಂಟ್ ಇರತ್ತೆ. ಮಗೂಗೆ ಏನಾದ್ರೂ ಆಗಿದ್ದಿದ್ರೆ?"

"ಅದಕ್ಕೇ ದಿನಾ ಮೊದ್ಲು ನಾನು ಹೋಗಿ ನಲ್ಲಿ ಮುಟ್ಟಿ ನೋಡ್ತಿದ್ದೆ. ನಂಗೇನೂ ಆಗ್ಲಿಲ್ಲ ಅಂದ್ರೆ ಆಮೇಲೆ ಇವಳನ್ನ ಬಿಡ್ತಿದ್ದೆ."

ಅದನ್ನು ಅವಳು ತರಕಾರಿ ತೊಳೆದು ಹೆಚ್ಚುತ್ತಿದ್ದೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ಮಿತ್ರಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದುಕೊಂಡಳು. ಅಂಜಿನಯ್ಯ ತಂಗಿಯ ಬಲಗೈಯನ್ನು ಎಳೆದುಕೊಂಡು ಎರಡೂ ಕೈಯಲ್ಲಿ ಹಿಡಿದ. ಮೂಗೊರೆಸಲೂ ಕೈ ಬಿಡಲಿಲ್ಲ. ಬೆರಳ ತುದಿಗಳು ಸವೆದು ನುಣುಪಾಗಿದ್ದವು, ಅರಿಶಿನದ ಕಲೆ ಇತ್ತು. ಆ ಕೈಯನ್ನು ಅಷ್ಟು ಹತ್ತಿರದಿಂದ ಅವನು ನೋಡಿದ್ದು ಧಾರೆಯ ದಿನವೇ ಕೊನೆ.

"ಬಿಡೋ ಅಣ್ಣ, ಕಾಫಿ ಆರ್ತಾ ಇದೆ."

"ಹಾರೆ ಎಲ್ಲಿದೆ ಹೇಳು."

"ಮಂಡಿನೋವು ಇಟ್ಕೊಂಡು ನೀನೇನ್ ಅಗೀತೀಯ?"

"ನಾನೇ ಅಗೀಬೇಕು," ಎಂದ ಅಂಜಿನಯ್ಯ. ಅಂಗಳಕ್ಕೆ ಇಳಿದು ಅಂಗಿ ಬಿಚ್ಚಿ ಕಾಂಪೌಂಡಿನ ಮೇಲೆ ಹಾಕಿದ. ರಾಮಮ್ಮ ಹಾರೆ ತಂದು ಕೊಟ್ಟು, ಒಳಗೆ ಹೋಗದೆ ಅವನ ಪಕ್ಕದಲ್ಲೇ ನಿಂತಳು.