ಹಿತ್ತಲಿನ ಫ್ಲಡ್‌ಲೈಟು

ನನ್ನ ಗಂಡ ಮಧುಕರ್ ಹಿತ್ತಲಿಗೆ ಫ್ಲಡ್‌ಲೈಟು ಹಾಕಿಸಿದಾಗ ರಕೂನುಗಳ ಕಾಟಕ್ಕೆ ಎಂದ. ನಂಬಿದೆ. ಕ್ಯಾಲಿಫೋರ್ನಿಯಾದ ನಮ್ಮ ಮಾರ್ಗನ್ ಹಿಲ್ಲಿನಲ್ಲಿ ರಕೂನುಗಳಿಗೇನು ಬರವಿಲ್ಲ, ಕಸದ ಡಬ್ಬಿ ಉರುಳಿಸಿ ಹೋಗುತ್ತಲೇ ಇರುತ್ತವೆ. ಸಂಜೆಯಿಂದ ಬೆಳಗಿನವರೆಗೆ ಹಿತ್ತಲು ಮದುವೆ ಛತ್ರದ ಹಾಗೆ ಝಗಝಗಿಸತೊಡಗಿತು. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಆ ಹಿತ್ತಲಲ್ಲಿ ನಾನು ಗಾಂಜಾ ಗಿಡ ನೆಟ್ಟಿದ್ದು ಅತ್ತೆಗೋಸ್ಕರ. ಅತ್ತೆ ಲಿಂಗಮ್ಮ ಹಾಸನದವರು, ನಮ್ಮ ಜೊತೆಯಲ್ಲೇ ಇರುವವರು. ಕ್ಯಾನ್ಸರಿಗೆ ಕೀಮೋ ಶುರುವಾದ ಮೇಲೆ ಅವರಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಮುದ್ದೆ ನುಂಗುತ್ತಿದ್ದ ಹೆಂಗಸು ಎರಡು ಚಮಚ ಗಂಜಿಗೆ ಮುಖ ತಿರುಗಿಸುತ್ತಿದ್ದರು. ಗಾಂಜಾದಿಂದ ಕೆಲವರಿಗೆ ಹಸಿವಾಗುತ್ತದೆ, ಸ್ವಲ್ಪ ಕೊಟ್ಟು ನೋಡಬಹುದು ಎಂದರು ಡಾಕ್ಟರು. ಅಂಗಡಿಯಿಂದ ತಂದ, ಗಾಂಜಾ ಬೆರೆಸಿದ ಗಮ್ಮಿ ಮಿಠಾಯಿ ತಿಂದು ಅತ್ತೆ ದಿನವಿಡೀ ತಲೆ ತಿರುಗಿ ಮಲಗಿದರು. ನಶೆ ಕಡಿಮೆ ಇರುವ ತಳಿಯನ್ನು ಮನೆಯಲ್ಲೇ ಬೆಳೆದು, ತುಪ್ಪಕ್ಕೆ ಇಳಿಸಿ, ಚೂರು ಚೂರೇ ಕೊಡೋಣ ಎಂದೆ. ಮನೆಗೆ ಆರು ಗಿಡ ಬೆಳೆಯಲು ಕ್ಯಾಲಿಫೋರ್ನಿಯಾದ ಕಾನೂನು ಬಿಡುತ್ತದೆ. ಕೇಂದ್ರ ಸರ್ಕಾರದ ಕಾನೂನು ಬಿಡುವುದಿಲ್ಲ, ಮಧುಕರನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಬೇರೆ ಹತ್ತಿರವಿತ್ತು. ಅದಕ್ಕೇ ಅವನನ್ನು ಕೇಳಿಯೇ ಬೀಜ ತರಿಸಿದೆ. ಅಮ್ಮನಿಗೋಸ್ಕರ ತಾನೇ, ಬೆಳೆಸು ಎಂದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ನನಗೆ ಕಣ್ಣು ತುಂಬಿ ಬಂದಿತ್ತು, ಥೂ.

ನಾನು ಹೆಬ್ಬಾಳದಲ್ಲಿ ಕೃಷಿ ಓದಿದವಳು, ಇಲ್ಲೊಂದು ನರ್ಸರಿಯಲ್ಲಿ ಕೆಲಸ. ತಳಿ ಆರಿಸಿದ್ದು ನಾನೇ. ಮಾಮೂಲಿ ಗಾಂಜಾ ಗಿಡ ರಾತ್ರಿಗಳು ಉದ್ದವಾಗುವವರೆಗೆ ಹೂ ಬಿಡುವುದಿಲ್ಲ. ಕೊಯ್ಲಿಗೆ ಅಕ್ಟೋಬರಿನವರೆಗೆ ಕಾಯಬೇಕು. ಅತ್ತೆಗೆ ಅಷ್ಟು ಪುರುಸೊತ್ತು ಎಲ್ಲಿತ್ತು? ನಾನು ತರಿಸಿದ್ದು ಆಟೋಫ್ಲವರ್. ಅದರ ಒಂದು ಕಡೆಯ ಹಿರೀಕರು ರುಡರಾಲಿಸ್ ಎಂಬ ಕುಳ್ಳ ಕಾಡುಗಿಡಗಳು, ಬೇಸಿಗೆ ಬಂದು ಹೋದದ್ದೇ ಗೊತ್ತಾಗದ ಚಳಿದೇಶದವು. ಅವು ಹಗಲು ರಾತ್ರಿಯ ಲೆಕ್ಕ ನೋಡುವುದಿಲ್ಲ, ವಯಸ್ಸಿಗೆ ಬಂದ ಕೂಡಲೇ ಹೂ ಬಿಡುತ್ತವೆ. ಆ ಗುಣ ಉಳಿಯುವಂತೆ ಬೇರೆ ತಳಿಗಳ ಜೊತೆ ಕೂಡಿಸಿದ್ದಾರೆ. ಬೀಜದಿಂದ ಕೊಯ್ಲಿಗೆ ಎರಡೂವರೆ ತಿಂಗಳು ಸಾಕು. ಇದನ್ನೆಲ್ಲ ಹೇಳಲು ಹೋದಾಗ ಮಧುಕರ್ ಫೋನು ನೋಡುತ್ತ ಹೂಂಗುಟ್ಟಿದ್ದ.

ಮೊಗ್ಗು ಕಟ್ಟಿ ಅಂಟಂಟಾದ ಮೇಲೆ ಒಂದು ದಿನ ಅತ್ತೆಯ ಕೈಹಿಡಿದು ಗಿಡದ ಹತ್ತಿರ ಕರೆದುಕೊಂಡು ಹೋದೆ. ಬೆರಳಲ್ಲಿ ಉಜ್ಜಿ ಮೂಸಿದರು.

“ಮಾವಿನಶುಂಠಿ ಕಣೆ ಆರತಿ,” ಎಂದರು. “ಹಿಂದ್ಗಡೆ ಮೆಣಸೂ ಐತೆ.”

ಲ್ಯಾಬಿನವರು ಹೇಳುವುದೂ ಇದನ್ನೇ, ಮಿರ್ಸೀನು ಮತ್ತು ಕ್ಯಾರಿಯೋಫಿಲೀನು ಎಂಬ ಹೆಸರಿಟ್ಟು. ಗಿಡಕ್ಕೆ ಘಮ ಕೊಡುವ ಇಂಥವಕ್ಕೆ ಟರ್ಪೀನು ಎನ್ನುತ್ತಾರೆ. ಮಿರ್ಸೀನು ನಿದ್ದೆ ತರುತ್ತದೆ ಎಂದು ಬೀಜ ಮಾರುವವರು ಡಂಗುರ ಹೊಡೆಯುತ್ತಾರೆ. ಅಷ್ಟನ್ನೂ ನಾನು ನಂಬುವವಳಲ್ಲ. ಆದರೆ ಆ ಮಧ್ಯಾಹ್ನ ಅತ್ತೆ ತಾವಾಗಿಯೇ ಮಾವಿನಶುಂಠಿ ಉಪ್ಪಿನಕಾಯಿ ಕೇಳಿದರು. ಮೊಸರನ್ನಕ್ಕೆ ನಂಜಿಕೊಂಡು ನಾಲ್ಕು ತುತ್ತು ತಿಂದರು. ಇನ್ನು ತುಪ್ಪ ಕೊಟ್ಟರೆ ಹೇಗೋ ಎಂದು ನಾನು ಆಸೆಪಟ್ಟೆ.

ಶನಿವಾರ ಬೆಳಿಗ್ಗೆ ಮಧುಕರ್ ಕಾಫಿ ಹಿಡಿದು ಹಿತ್ತಲಿಗೆ ಬಂದ. ವಾರವಿಡೀ ಸ್ಯಾನ್ ಮಟಿಯೋ ಆಫೀಸಿಗೆ ಓಡಾಡುವವನಿಗೆ ಗಿಡ ನೋಡಲು ಬಿಡುವಾಗಿರಲಿಲ್ಲ. ಒತ್ತೊತ್ತಾಗಿ ನಿಂತ ಮೊಗ್ಗುಗಳನ್ನು ನೋಡಿ ಮುಖ ಬಿಳಿಚಿಕೊಂಡ.

“ರಾತ್ರಿಯೆಲ್ಲ ಲೈಟ್ ಉರೀತಿದ್ರೂ ಹೂ ಬಿಡ್ತಾ ಇದು?”

ನಾನು ನೀರಿನ ಪೈಪು ಕೆಳಗಿಟ್ಟೆ. ರಕೂನು ಎಲ್ಲಿಗೆ ಹೋಯಿತು ಎಂದು ಕೇಳಿದೆ. ತಡವರಿಸಿದ, ಆಮೇಲೆ ಒಪ್ಪಿಕೊಂಡ. ಕತ್ತಲೆ ಸಿಗದಿದ್ದರೆ ಗಾಂಜಾ ಹೂ ಬಿಡುವುದಿಲ್ಲವೆಂದು ಎಲ್ಲೋ ಓದಿದ್ದನಂತೆ. ಗಿಡ ಗೊಡ್ಡು ಬಿದ್ದರೆ ನಾನೇ ಬೇಸತ್ತು ಕಿತ್ತೆಸೆಯುತ್ತೇನೆ, ಅವನು ಅಮ್ಮನೆದುರು ಕೆಟ್ಟವನಾಗುವುದಿಲ್ಲ ಎಂಬ ಲೆಕ್ಕ. ಇಂಟರ್‌ವ್ಯೂನಲ್ಲಿ ಕೇಳಿದರೆ ಏನು ಹೇಳಲಿ, ನನ್ನ ಭಯ ನಿನಗೆ ಅರ್ಥವಾಗುವುದಿಲ್ಲ ಎಂದ. ಭಯ ಅರ್ಥವಾಗುತ್ತಿತ್ತು. ಬಾಯಿಬಿಟ್ಟು ಹೇಳಿದ್ದರೆ ಜಗಳವಾಡುತ್ತಿದ್ದೆ, ಬೇರೆ ದಾರಿ ಹುಡುಕುತ್ತಿದ್ದೆ. ನಗುನಗುತ್ತ ಬೆಳೆಸು ಎಂದು ಹೇಳಿ ಹಿಂದಿನಿಂದ ಕತ್ತು ಹಿಸುಕುವುದನ್ನು ಯಾವ ಬಾಯಲ್ಲಿ ಭಯ ಎನ್ನುವುದು?

“ನಿಮ್ಮಮ್ಮ ಗಂಜಿ ಕಕ್ಕೋವಾಗ ಬೇಸಿನ್ ಹಿಡಿಯೋಳು ನಾನು,” ಎಂದೆ. “ನೀನು ಈ ಸ್ವಿಚ್ ಹಾಕ್ಬಿಟ್ಟು ಹೋಗಿ ಮಲಗ್ತಿದ್ದೆ.”

ನನ್ನ ದನಿ ಏರಿತ್ತು. ಅತ್ತೆಯ ಕೋಣೆಯ ಕಿಟಕಿ ಹಿತ್ತಲ ಕಡೆಗೇ ಇದೆ. ಅದಕ್ಕೆ ಅಡ್ಡಲಾಗಿ ಅವರ ಹಳೆಯ ಸೀರೆಯೊಂದು ತೂಗುತ್ತಿತ್ತು. ಒಣಗಲು ಹಾಕಿದ್ದಾರೆ ಎಂದುಕೊಂಡಿದ್ದೆ. ಅದನ್ನು ಸರಿಸಿ ಅತ್ತೆ ಮುಖ ತೋರಿಸಿದರು. ಜಗಳ ಯಾತಕ್ಕೆಂದು ಕೇಳಲಿಲ್ಲ.

“ಪ್ರಾಣಿ ಬರದಿಲ್ಲ ಅಂದ್ರೆ ಇನ್ನ ಆ ಲೈಟು ಆರುಸ್ಬಿಡಪ್ಪ ಮಧು,” ಎಂದರು. “ಸೀರೆ ಕಟ್ಟುದ್ರೂ ಕಣ್ಗೆ ಹೊಡಿತದೆ. ನೀನೇ ಹಾಕ್ಸಿದ್ದಲ್ವಾ ಅಂತ ಸುಮ್ನಿದ್ದೆ. ಇದ್ದ ಚೂರು ನಿದ್ದೇನೂ ಹೊಂಟೋಯ್ತು ಕಣಪ್ಪ.”

ಗಿಡ ತನ್ನ ಪಾಡಿಗೆ ಹೂ ಹೊತ್ತು ನಿಂತಿತ್ತು. ಬೆಳಗಾಗಿದ್ದರೂ ಲೈಟು ಇನ್ನೂ ಉರಿಯುತ್ತಲೇ ಇತ್ತು. ಸ್ವಿಚ್ ಆರಿಸಿ, ಕುರ್ಚಿ ಎಳೆದು ಹತ್ತಿ, ಸ್ವೆಟರಿನ ತೋಳಿನಿಂದ ಹಿಡಿದು ಬಲ್ಬು ಬಿಚ್ಚಿದೆ. ತಂದು ಮಧುಕರನ ಬರಿಗೈಗೆ ಇಟ್ಟೆ.

“ಬಿಸಿ ಇರ್ತದೆ ಮಗ, ಕೈ ಸುಟ್ಕಂಡೀಯ,” ಎಂದರು ಅತ್ತೆ, ಕಿಟಕಿಯಿಂದ.