ಆರನೇ ಇನಿಂಗ್ಸ್

ಶರ್ಮಿಳಾ ಬೇಸ್‌ಬಾಲ್ ತಂಡವೊಂದರ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಆದದ್ದು ಆಟದ ಮೇಲಿನ ಪ್ರೀತಿಯಿಂದಲ್ಲ. ಮಣಿಪಾಲದಲ್ಲಿ ಫಿಸಿಯೋಥೆರಪಿ ಓದಿ, ಹನ್ನೊಂದು ವರ್ಷಗಳಿಂದ ಮಲೇಷ್ಯಾದ ಸೈಬರ್‌ಜಯಾದ ಕಾಲೇಜೊಂದರಲ್ಲಿ ಅದನ್ನೇ ಕಲಿಸುತ್ತಿದ್ದ ಅವಳನ್ನು ಮೊದಲು ಕರೆದದ್ದು ಆಟಗಾರರ ಭುಜ, ಮೊಣಕಾಲು ನೋಡಿಕೊಳ್ಳುವುದಕ್ಕೆ. ಕರೆದವರು ಕ್ಲಬ್ಬಿನ ಮಾಲೀಕ ಮಿಸ್ಟರ್ ಟಾನ್. ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಲಾರಿಗಳ ಕಂಪನಿ ನಡೆಸುವ, ಅರವತ್ತರ ಆಸುಪಾಸಿನ ಮನುಷ್ಯ. ಮೂರು ವರ್ಷಗಳಲ್ಲಿ ಮೂವರು ಮ್ಯಾನೇಜರುಗಳನ್ನು ತೆಗೆದುಹಾಕಿದ್ದರು. ಯಾರು ಆಡಬೇಕೆಂದು ಆರಿಸುತ್ತಿದ್ದವರು ತಾವೇ; ಸೋತಾಗ ಮನೆಗೆ ಹೋಗುತ್ತಿದ್ದವನು ಮ್ಯಾನೇಜರ್. ಮೂರೂ ವರ್ಷ ತಂಡಕ್ಕೆ ಕೊನೆಯ ಸ್ಥಾನ.

ನಾಲ್ಕನೆಯವನು ಸಿಗದಿದ್ದಾಗ ಟಾನ್, ಮಾತಿನ ಕೊನೆಗೆ ಅಲ್ಲಿಯವರ 'ಲಾ' ಸೇರಿಸಿ, ಅವಳನ್ನೇ ಕೇಳಿದರು. "ಡಾಕ್ಟರ್, ಹುಡುಗರ ಮೈ ನಿಮಗೆ ಗೊತ್ತು. ಆಟ ಕಲಿಯಬಹುದು ಲಾ."

ಶರ್ಮಿಳಾ ಒಂದೇ ಷರತ್ತು ಹಾಕಿದಳು. ಆಟ ನಡೆಯುವಾಗ ಮಾಲೀಕರು ಬೇಲಿ ದಾಟಿ ಒಳಗೆ ಬರಬಾರದು. ಟಾನ್ ನಕ್ಕು ಒಪ್ಪಿದರು.

ಅವಳಿಗೂ ಒಂದು ಕೆಲಸ ಬೇಕಿತ್ತು. ಪುಚೊಂಗ್‌ನ ಹನ್ನೆರಡನೇ ಮಹಡಿಯ ಮನೆಯಲ್ಲಿ ಅವಳು ಒಬ್ಬಳೇ. ಮದುವೆ ಮುರಿದು ಎಂಟು ವರ್ಷವಾಗಿತ್ತು. ಪ್ರತಿ ಸಂಜೆ ಫೋನ್ ಮಾಡಿ "ಊಟಕ್ಕೆ ಎಂತ ಮಾಡಿದೆ?" ಎಂದು ಕೇಳುತ್ತಿದ್ದ ಅಮ್ಮ ಹಿಂದಿನ ವರ್ಷ ತೀರಿಕೊಂಡಿದ್ದರು. ಕಾಲೇಜಿನಲ್ಲಿ ಇಂಗ್ಲಿಷ್, ತರಕಾರಿ ಅಂಗಡಿಯಲ್ಲಿ ತಮಿಳು, ಲಿಫ್ಟಿನಲ್ಲಿ ಮುಗುಳ್ನಗೆ. ಕನ್ನಡದ ಒಂದು ಮಾತೂ ಬಾಯಿಗೆ ಬಾರದೆ ವಾರಗಳೇ ಕಳೆಯುತ್ತಿದ್ದವು.

ಆ ಮೌನ ಮುರಿದವನು ತಂಡಕ್ಕೆ ಹೊಸದಾಗಿ ಸೇರಿದ ನಿಖಿಲ. ದಾವಣಗೆರೆಯಿಂದ ಇಂಜಿನಿಯರಿಂಗ್ ಓದಲು ಬಂದಿದ್ದ ಇಪ್ಪತ್ತೆರಡರ ಹುಡುಗ. ಊರಲ್ಲಿ ಕ್ರಿಕೆಟ್ ಆಡುತ್ತಿದ್ದವನಿಗೆ ಬೌಂಡರಿಯಿಂದ ನೇರ ವಿಕೆಟ್ಟಿಗೆ ಎಸೆಯುವ ತೋಳಿತ್ತು. ಅದನ್ನು ನೋಡಿ ಶರ್ಮಿಳಾ ಅವನನ್ನು ಪಿಚರ್ ಮಾಡಿದಳು. ಎದುರಾಳಿಗೆ ಚೆಂಡೆಸೆಯುವವನು ಅವನೇ. ಬೇಸ್‌ಬಾಲಿನಲ್ಲಿ ಅರ್ಧ ಆಟ ಅವನ ಕೈಯಲ್ಲಿ.

"ಅಕ್ಕಾ, ಕೈ ಬಿಸಿ ಐತಿ, ಇನ್ನೊಂದಿಪ್ಪತ್ತು ಒಗೀಲಾ?"

"ಸಾಕು ಮಾರಾಯ. ನಾಳೆಯೂ ಉಂಟು."

ಅವನ 'ಐತಿ'ಗೆ ಅವಳು, ಅವಳ 'ಉಂಟು'ವಿಗೆ ಅವನು ನಗುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ಮಾಮಕ್ ಎಂಬ ಚಹಾ-ತಿಂಡಿಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಅವನು ಅಕ್ಕನ ಮದುವೆ, ಮೆಸ್ಸಿನ ಸಾರು, ಫೇಲಾದ ಗಣಿತ ಎಲ್ಲ ಹೇಳುತ್ತಿದ್ದ. ಶರ್ಮಿಳಾ ಕೇಳುತ್ತ ಕೂರುತ್ತಿದ್ದಳು.

ಆ ವರ್ಷ ತಂಡ ಗೆಲ್ಲತೊಡಗಿತು. ಟಾನ್ ಬೇಲಿಯ ಆಚೆ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಹುಡುಗರಿಗೂ ಬೈಯುವವರು ಯಾರು, ಆರಿಸುವವರು ಯಾರು ಎಂಬ ಗೊಂದಲ ಹೋಯಿತು. ಶುಕ್ರವಾರದ ಸೆಮಿಫೈನಲ್‌ನಲ್ಲಿ ನಿಖಿಲ ಎಂಬತ್ತಾರು ಸಲ ಚೆಂಡೆಸೆದು ಗೆಲ್ಲಿಸಿದ. ಆ ತೋಳಿಗೆ ಒಂದೇ ದಿನದ ವಿಶ್ರಾಂತಿ; ಭಾನುವಾರ ಮಧ್ಯಾಹ್ನ ಫೈನಲ್.

ಏಳು ಇನಿಂಗ್ಸ್‌ನ ಆಟ. ಐದು ಮುಗಿದಾಗ ಮೂರು-ಎರಡರಿಂದ ಮುಂದಿದ್ದರು. ಆದರೆ ಶರ್ಮಿಳಾಳ ಕಣ್ಣು ಸ್ಕೋರಿನ ಮೇಲಿರಲಿಲ್ಲ. ಪ್ರತಿ ಎಸೆತದ ನಂತರ ನಿಖಿಲ ಬೆರಳು ಕೊಡವುತ್ತಿದ್ದ. ಮೊಣಕೈ ಭುಜಕ್ಕಿಂತ ಕೆಳಗಿಳಿದಿತ್ತು. ಅವನು ಬೆಂಚಿಗೆ ಬಂದಾಗ ಮೊಣಕೈಯ ಒಳಬದಿ ಒತ್ತಿ ನೋಡಿದಳು. ಹುಬ್ಬು ಗಂಟಿಕ್ಕಿದರೂ ಅವನು "ಏನಿಲ್ಲಕ್ಕ" ಎಂದ.

"ಹಫೀಜ್, ರೆಡಿಯಾಗು," ಎಂದಳು. ಹಫೀಜ್ ಟಾನ್ ಅವರ ಗೋದಾಮಿನಲ್ಲೇ ಕೆಲಸ ಮಾಡುವ ಎರಡನೇ ಪಿಚರ್. ಅವನೇ ಗಾಬರಿಯಾದ.

"ಅಕ್ಕಾ, ಎರಡೇ ಇನಿಂಗ್ಸ್ ಉಳಿದಾವು! ಇದು ನನ್ನ ಆಟ," ಎಂದ ನಿಖಿಲ.

"ಕೈಯೂ ನಿನ್ನದೇ. ಕೂತುಕೋ."

ಆಗ ಗೇಟು ಕಿರುಗುಟ್ಟಿತು. ಟಾನ್ ಒಳಗೆ ಬಂದಿದ್ದರು. ಅವರ ಅತಿಥಿಗಳಾಗಿ ಜಪಾನಿನ ಹಡಗು ಕಂಪನಿಯ ನಾಲ್ವರು ಬೇಲಿಯಾಚೆ ಕೂತಿದ್ದರು. ಈ ಆಟವನ್ನು ಚಿಕ್ಕಂದಿನಿಂದ ನೋಡಿದವರು.

"ಡಾಕ್ಟರ್, ಅವನನ್ನು ತೆಗೀಬೇಡಿ. ಟುಡೇ ನಾಟ್ ಲಾ. ಇವತ್ತೊಂದು ದಿನ."

ಶರ್ಮಿಳಾ ಹಫೀಜನ ಕೈಗೆ ಚೆಂಡು ಕೊಟ್ಟಳು. "ನನ್ನನ್ನು ತೆಗೀರಿ, ಆಮೇಲೆ ಅವನನ್ನ ಆಡಿಸಿ. ನಾನಿರುವಾಗ ಆಗೋದಿಲ್ಲ."

ಟಾನ್ ಗೇಟು ಎಳೆದುಕೊಂಡು ಆಚೆ ಹೋದರು.

ಹಫೀಜ್ ಆರನೇ ಇನಿಂಗ್ಸ್ ಹೇಗೋ ದಾಟಿಸಿದ. ಏಳನೆಯದರಲ್ಲಿ ಎರಡು ರನ್ ಬಿಟ್ಟುಕೊಟ್ಟ. ಮೂರು-ನಾಲ್ಕು. ಸೋಲು.

ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೇ ಚೆನ್ನಾಗಿತ್ತು. ಚೀಲಗಳನ್ನು ಹೆಗಲಿಗೇರಿಸಿ ಎಲ್ಲರೂ ಮಾಮಕ್ ಕಡೆ ನಡೆದರು. ಅವಳನ್ನು ಯಾರೂ ಕರೆಯಲಿಲ್ಲ. ಶರ್ಮಿಳಾ ಚೆಂಡುಗಳನ್ನು ಒಬ್ಬಳೇ ಆರಿಸಿ ಬುಟ್ಟಿಗೆ ತುಂಬಿದಳು. ದಾರಿಯಲ್ಲಿ ನೂಡಲ್ಸ್ ಕಟ್ಟಿಸಿಕೊಂಡು ಮನೆಗೆ ಹೋಗಿ, ಪೊಟ್ಟಣ ಬಿಚ್ಚದೆ ಫ್ರಿಜ್ಜಿನಲ್ಲಿಟ್ಟಳು. "ಕೈಗೆ ಐಸ್ ಇಟ್ಟಿಯಾ?" ಎಂದು ನಿಖಿಲನಿಗೆ ಮೆಸೇಜ್ ಹಾಕಿದಳು. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ.

ಮಂಗಳವಾರ ಟಾನ್ ಬಂದರಿನ ಕಚೇರಿಗೆ ಕರೆಸಿದರು. ಕಿಟಕಿಯಾಚೆ ಕ್ರೇನುಗಳು ಕಂಟೇನರ್ ಎತ್ತುತ್ತಿದ್ದವು. ಶರ್ಮಿಳಾ ಕ್ಲಬ್ಬಿನ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟೇ ಕೂತಳು.

"ಆ ಹುಡುಗನ ಕೈ ನಿಜಕ್ಕೂ ಹೋಗುತ್ತಿತ್ತಾ?" ಟಾನ್ ಕೇಳಿದರು.

"ಗೊತ್ತಿಲ್ಲ. ಹೋಗಿದ್ದರೆ ಗೊತ್ತಾಗುತ್ತಿತ್ತು."

ಅವರು ಚಹಾದ ಲೋಟ ಬದಿಗಿಟ್ಟರು. "ಹಿಂದಿನ ಮೂವರೂ ನಾನು ಹೇಳಿದ್ದನ್ನೇ ಮಾಡಿದರು. ಅದಕ್ಕೇ ಸೋತೆವು, ಅದಕ್ಕೇ ಅವರನ್ನು ತೆಗೆದೆ. ನಾನು ಗೇಟು ದಾಟಬಾರದಿತ್ತು. ನೀವಿರಿ." ಬೀಗದ ಕೈಗಳನ್ನು ಅವಳ ಕಡೆ ಸರಿಸಿ, ಮೆಲ್ಲಗೆ ಸೇರಿಸಿದರು: "ನಿಖಿಲ ಬಿಡುಗಡೆ ಕೇಳಿದ. ರಾಜಧಾನಿಯ ಕೆ.ಎಲ್. ತಂಡಕ್ಕೆ ಹೋಗ್ತಾನಂತೆ. ಸಹಿ ಮಾಡಿಬಿಟ್ಟೆ."

"ನನಗೊಂದು ಮಾತು ಹೇಳಬಹುದಿತ್ತು."

"ಹೇಳಬೇಡಿ ಅಂತ ಅವನೇ ಕೇಳಿಕೊಂಡ."

ಅವಳು ಎದ್ದು ಕಿಟಕಿಯ ಬಳಿ ನಿಂತಳು. ಕಣ್ಣೊರೆಸಿಕೊಂಡದ್ದು ಟಾನ್‌ಗೆ ಕಾಣಿಸಿರಬೇಕು. ಅವರು ಕಾಗದಗಳತ್ತ ತಿರುಗಿದರು.

ಮುಂದಿನ ವರ್ಷ ಶರ್ಮಿಳಾ ಒಬ್ಬನ ತೋಳಿನ ಮೇಲೆ ತಂಡ ನಿಲ್ಲಿಸಲಿಲ್ಲ. ಮೂವರು ಪಿಚರುಗಳನ್ನು ತಯಾರು ಮಾಡಿದಳು. ಹಫೀಜನಿಗೆ ಹೆದರಿಕೆ ಹೋಯಿತು. ಟಾನ್ ಹೊಸ ಚೆಂಡು, ಬಲೆ, ಬಸ್ಸು ಎಲ್ಲ ಕೊಡಿಸಿದರು; ಅಭಿಪ್ರಾಯ ಮಾತ್ರ ಕೊಡಲಿಲ್ಲ. ತಂಡ ಕಪ್ ಗೆದ್ದಿತು, ಅದೂ ನಿಖಿಲನ ತಂಡವನ್ನು ಸೋಲಿಸಿ. ನಿಖಿಲ ಆ ಇಡೀ ಸೀಸನ್ ಎಸೆದಿದ್ದ, ಫೈನಲ್‌ನಲ್ಲೂ ಏಳೂ ಇನಿಂಗ್ಸ್. ಅವನ ಮೊಣಕೈಗೆ ಏನೂ ಆಗಲಿಲ್ಲ.

ಕೈಕುಲುಕುವ ಸಾಲಿನಲ್ಲಿ ಅವನು ಎದುರಾದ. "ಗುಡ್ ಗೇಮ್, ಕೋಚ್."

"ಚೆನ್ನಾಗಿ ಎಸೆದೆ. ಕೈ ಹೇಗುಂಟು?"

"ಫೈನ್, ಫೈನ್." ಸಾಲು ಮುಂದೆ ಸರಿಯಿತು.

ಅವನ ಕೈ ಗಟ್ಟಿಯಾಗಿದ್ದುದಕ್ಕೆ ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ಅಂದು ತೆಗೆಯದಿದ್ದರೂ ಆಗುತ್ತಿತ್ತೇನೋ ಎಂಬುದೂ ಅದೇ ಸಂತೋಷದ ಜೊತೆ ಬಂತು, ಬಂದದ್ದು ಹೋಗಲಿಲ್ಲ.

ಆ ಸಂಜೆ ಹಫೀಜ್ "ಕೋಚ್, ಮಕಾನ್?" ಎಂದು ಊಟಕ್ಕೆ ಕರೆದ. ಅವಳು ಹೋದಳು. ಹುಡುಗರು ಮಲಯ್, ಚೀನೀ ಭಾಷೆಗಳಲ್ಲಿ ಕೂಗಾಡುತ್ತಿದ್ದರು. ಅವಳಿಗೆ ಅರ್ಧ ಅರ್ಥವಾಯಿತು, ಎಲ್ಲರೂ ನಕ್ಕಾಗ ನಕ್ಕಳು. ಹೊಸ ಹುಡುಗನೊಬ್ಬ ಪಕ್ಕಕ್ಕೆ ಬಂದು, ಭುಜದಲ್ಲಿ ಏನೋ ಹಿಡಿದಂತಿದೆ, ನೋಡುತ್ತೀರಾ ಎಂದ. ಶರ್ಮಿಳಾ ತಟ್ಟೆ ಸರಿಸಿ, ಅವನ ತೋಳನ್ನು ನಿಧಾನಕ್ಕೆ ಎತ್ತಿ ತಿರುಗಿಸಿ, ಎಲ್ಲಿ ನೋವೆಂದು ಇಂಗ್ಲಿಷಿನಲ್ಲಿ ಕೇಳಿದಳು.